ಸೋಸುವ ಬಟ್ಟೆಯ ಎರಡು ಮಗ್ಗುಲು

ಮಸ್ಕಿಯಲ್ಲಿ ನಮ್ಮ ಅಪ್ಪನನ್ನು ಜನ ‘ಸೋಸಿದ ನೀರಿನ ಸಾಹುಕಾರ್ರು’ ಎಂದು ಕರೆಯುತ್ತಿದ್ದರು. ಅವರು ಕರೆಯುತ್ತಿದ್ದುದು ಮೀಸೆಯಡಿ ನಗುತ್ತ. ಅಪ್ಪ ಕೇಳಿಸಿಕೊಳ್ಳುತ್ತಿದ್ದುದು ಬಿರುದು ಎಂದು. ಅವನಿಗೆ ಕುಚೋದ್ಯ ತಿಳಿಯುತ್ತಿರಲಿಲ್ಲ ಎಂದಲ್ಲ. ಹೊಗಳಿಕೆಯ ಹಸಿವು ಎಷ್ಟಿತ್ತೆಂದರೆ ಕುಚೋದ್ಯವನ್ನೂ ಅದರ ಜೊತೆ ನುಂಗಿಬಿಡುತ್ತಿದ್ದ. ನಮ್ಮದು ಗುಡ್ಡದ ಬುಡದ ಓಣಿಯಲ್ಲಿದ್ದ ಕಲ್ಲಿನ ಮನೆ. ಮುಂದೆ ಕಿರಾಣಿ ಅಂಗಡಿ, ಅದರ ಹಿಂದೆ ಪಡಸಾಲೆ, ಪಡಸಾಲೆಯ ಒಂದು ಮಗ್ಗುಲಿಗೆ ದೇವರ ಕೋಣೆ, ಇನ್ನೊಂದು ಮಗ್ಗುಲಿಗೆ ಅಡಿಗೆಮನೆ, ಅದನ್ನು ದಾಟಿದರೆ ಹಿತ್ತಲು. ಬೆಲ್ಲ, ಹುಣಸೆಹಣ್ಣು, ಚಿಮಣಿ ಎಣ್ಣೆ ಈ ಮೂರೂ ಕೂಡಿದ ಒಂದು ವಾಸನೆ ಮನೆಯ ತುಂಬ ಸದಾ ಇರುತ್ತಿತ್ತು, ನಮ್ಮ ಬಟ್ಟೆಗೆ, ಹಾಸಿಗೆಗೆ, ನನ್ನ ಜಡೆಗೆ ಕೂಡ. ಶಾಲೆಯಲ್ಲಿ ನಾನು ಬಂದು ಕೂತರೆ ಅಂಗಡಿ ಬಂತು ಎಂದು ಹುಡುಗಿಯರು ಮೂಗು ಮುಚ್ಚುತ್ತಿದ್ದರು. ನಾನು ಅವರ ಕಡೆ ನೋಡುತ್ತಿರಲಿಲ್ಲ. ನೋಡದೆ ಇರುವುದು ಹೇಗೆ ಎಂಬುದನ್ನು ನಾನು ಅಪ್ಪನಿಂದಲೇ ಕಲಿತಿದ್ದೆ.

ರಜಾಕಾರರ ಗದ್ದಲ ಅಡಗಿದ ಮೇಲೆ, ಒಂದು ಬ್ಯಾಸಿಗೆಯಲ್ಲಿ, ಅಪ್ಪ ಏನೋ ಕೆಲಸಕ್ಕೆ ಲಿಂಗಸೂಗೂರಿಗೆ ಹೋದವನು ಅಲ್ಲಿಯ ಡಾಕ್ಟರ ಬಂಗಲೆಯ ವರಾಂಡದಲ್ಲಿ ಒಂದು ಕಟ್ಟಿಗೆಯ ಚೌಕಟ್ಟು ನೋಡಿದ. ಅದರಲ್ಲಿ ಒಂದರ ಮೇಲೊಂದು ಮೂರು ಗಡಿಗೆ. ಮೇಲಿನ ಗಡಿಗೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು, ಅದರೊಳಗೆ ಇದ್ದಲಿ, ನಡುವಿನದರಲ್ಲಿ ಮರಳು, ಕೆಳಗಿನದರಲ್ಲಿ ತಿಳಿನೀರು. ಬೇರೆ ಯಾರಾದರೂ ಆಗಿದ್ದರೆ ಇದ್ದಲಿ ಯಾಕೆ, ಮರಳು ಯಾಕೆ, ಬಟ್ಟೆ ಯಾಕೆ ಎಂದು ಡಾಕ್ಟರನ್ನು ಕೇಳುತ್ತಿದ್ದರು. ಅಪ್ಪ ಬಂಗಲೆಯ ಜವಾನನನ್ನು ಕರೆದು ಚೌಕಟ್ಟಿನ ಉದ್ದಗಲ ಕೇಳಿದ, ದಾರದಲ್ಲಿ ಅಳತೆ ಗಂಟು ಹಾಕಿಕೊಂಡು ಬಂದ. ತಿಂಗಳೊಳಗೆ ನಮ್ಮ ಪಡಸಾಲೆಯಲ್ಲಿ ಸಾಗವಾನಿಯ ಚೌಕಟ್ಟು ಎದ್ದಿತು. ಡಾಕ್ಟರ ಮನೆಯದಕ್ಕಿಂತ ಒಂದು ಗೇಣು ಎತ್ತರ, ನೆತ್ತಿಯ ಮೇಲೆ ಕೆತ್ತಿದ ಬಸವಣ್ಣ. ಅಂಗಡಿಯ ಕಟ್ಟೆಯಲ್ಲಿ ಕೂತ ಗಿರಾಕಿಗೆ ನೇರ ಕಾಣುವಂತೆ ಅದನ್ನು ನಿಲ್ಲಿಸಬೇಕಾಗಿ, ನಲವತ್ತು ವರ್ಷದಿಂದ ಅದೇ ಜಾಗದಲ್ಲಿದ್ದ ಆಯಿಯ ಹೊರಸನ್ನು ಗೋಡೆಗೆ ಒತ್ತಿದರು. ಆಯಿ, ಅಂದರೆ ಅಪ್ಪನ ತಾಯಿ, ಅದಕ್ಕೂ ಸಂತೋಷಪಟ್ಟಳು. ಮಗ ಮಾಡಿದ್ದೆಲ್ಲ ಆಕೆಗೆ ಶಿವನ ಅಪ್ಪಣೆ. ಸ್ನಾನ ಮಾಡಿ ಬಂದು ಮೂರೂ ಗಡಿಗೆಗೆ ಮೂರು ಬೆರಳಿನಿಂದ ಈಬತ್ತಿ ಎಳೆದಳು.

ಈ ಚೌಕಟ್ಟಿನ ಮುಂದೆ ನಿಂತು ಅಪ್ಪ ಮಾಡುತ್ತಿದ್ದ ಭಾಷಣ ನನಗೆ ಈಗಲೂ ಬಾಯಿಪಾಠ. ಊರಿನ ಮಂದಿಯೆಲ್ಲ ನೀರು ತರುತ್ತಿದ್ದದ್ದು ಮೆಟ್ಟಿಲ ಬಾವಿಯಿಂದ. ಕೊಡ ಹಿಡಿದವರೂ, ಬಟ್ಟೆ ಒಗೆಯುವವರೂ, ಕಾಲು ತೊಳೆಯುವವರೂ ಮೊಣಕಾಲಮಟ ಅದರಲ್ಲೇ ಇಳಿಯುತ್ತಿದ್ದರು. ಬ್ಯಾಸಿಗೆ ಬಂತೆಂದರೆ ಓಣಿಗೆ ಇಬ್ಬರಂತೆ ನಾರುಹುಣ್ಣಿನವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದರು. ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ಅದರಿಂದ ಬಿಳಿ ದಾರದಂಥ ಹುಳ ತಲೆ ಹಾಕುವುದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟು ಎಳೆಯುವುದು. ಹರಿದರೆ ಕಾಲು ಬಾತು ತಿಂಗಳುಗಟ್ಟಲೆ ಮಲಗುವುದು. ಅಪ್ಪನ ಎಡ ಮೀನಖಂಡದಲ್ಲೂ ಹಳೆಯ ನಾರಿನ ಗುರುತಿತ್ತು, ಸುಟ್ಟ ಅಡಿಕೆಯಷ್ಟು ದೊಡ್ಡದು. ವಯಸ್ಸಿನಲ್ಲಿ ಒಂದು ಬ್ಯಾಸಿಗೆ ಪೂರ್ತಿ ಅವನು ಮಲಗಿದ್ದನಂತೆ, ನೋವಿಗೆ ಹಗ್ಗ ಕಚ್ಚುತ್ತಿದ್ದನಂತೆ. ಅವ್ವ ಒಮ್ಮೆ ಹೇಳಿದ್ದಳು. ಆ ಗುರುತು ಯಾರಿಗೂ ಕಾಣದಂತೆ ಅವನು ಧೋತರವನ್ನು ಪಾದದವರೆಗೆ ಇಳಿಬಿಡುತ್ತಿದ್ದ. ಆ ಹೆದರಿಕೆಯನ್ನು ಅವನು ಒಪ್ಪಿಕೊಂಡಿದ್ದರೆ ನಾನು ಅವನನ್ನು ಇನ್ನೊಂದು ರೀತಿ ಬರೆಯುತ್ತಿದ್ದೆನೋ ಏನೋ. ಅವನು ಹೇಳುತ್ತಿದ್ದದ್ದು ಬೇರೆ.

“ನಾರು ಯಾರಿಗೆ ಬರ್ತೈತಿ? ದನದಂಗ ಸಿಕ್ಕ ನೀರಿಗೆ ಬಾಯಿ ಹಾಕೋರಿಗೆ. ನಮ್ಮ ಮನಿ ನೀರು ನೋಡ್ರಿ, ಮೂರು ಗಡಿಗಿ ದಾಟಿ ಬರ್ತೈತಿ. ದೊರಿಗಳ ಮನ್ಯಾಗ ಐತಿ ಇಂಥಾದ್ದು, ಬಿಟ್ರ ನಮ್ಮ ಮನ್ಯಾಗ.”

ಮೂರು ಗಡಿಗೆ ದಾಟಿ ಬರುತ್ತಿದ್ದದ್ದು ಎಷ್ಟು ದಿನ? ಎರಡು ತಿಂಗಳು ತುಂಬಲಿಲ್ಲ. ಎಂಟು ದಿನಕ್ಕೊಮ್ಮೆ ಇದ್ದಲಿ ತೊಳೆಯಬೇಕು, ಮರಳು ತೊಳೆದು ಬಿಸಿಲಿಗೆ ಹರವಬೇಕು, ಗಡಿಗೆಯ ತಳದ ತೂತಿಗೆ ಹೊಸ ತೆಂಗಿನ ನಾರು ತುರುಕಬೇಕು. ಇದನ್ನೆಲ್ಲ ಮಾಡುತ್ತಿದ್ದವರು ಅವ್ವ ಮತ್ತು ಚಿಗವ್ವ, ಅಂದರೆ ನಮ್ಮ ಕಾಕಾನ ಹೆಂಡತಿ. ಅಪ್ಪ ಆ ಮರಳನ್ನು ಒಂದು ದಿನವೂ ಮುಟ್ಟಿದವನಲ್ಲ. ಆದರೆ ಅವನಿಗೆ ಬೇರೆ ಕಷ್ಟ ಶುರುವಾಯಿತು. ನೀರು ಹನಿ ಹನಿಯಾಗಿ ಬೀಳುತ್ತಿತ್ತು. ಭಾಷಣ ಕೇಳಿದ ಗಿರಾಕಿಗೆ ತಂಬಿಗೆ ನೀರು ಕೊಡಬೇಕೆಂದರೆ ಕೆಳಗಿನ ಗಡಿಗೆ ಖಾಲಿ. ಒಂದು ದಿನ ಸಿಂಧನೂರಿನ ದೊಡ್ಡ ವ್ಯಾಪಾರಸ್ಥರೊಬ್ಬರು ಕಾದು ಕಾದು, ಎದ್ದು ಹೋಗಿ ಎದುರು ಮನೆಯಲ್ಲಿ ಬಾವಿ ನೀರು ಕುಡಿದು ಬಂದರು. ಅವತ್ತು ಸಂಜೆಯೇ ಅಪ್ಪ ಅಡಿಗೆಮನೆಯ ಬಾಗಿಲಿಗೆ ಬಂದು ಅವ್ವನಿಗೆ ಹುಕುಂ ಮಾಡಿದ.

“ಆ ಇದ್ದಲಿ ಮರಳು ಎಲ್ಲಾ ತಗದು ಹಿತ್ತಲಿಗೆ ಸುರೀರಿ. ಮಂದಿಗೆ ಮರಳು ಕಾಣ್ತದೇನು? ಮ್ಯಾಲ ಬಟ್ಟಿ ಐತಲ್ಲ, ಸಾಕು.”

ಹೀಗೆ ಫಿಲ್ಟರಿನೊಳಗಿದ್ದ ಫಿಲ್ಟರು ಹಿತ್ತಲಿನ ಬಸಳೆಯ ಬುಡ ಸೇರಿತು. ಸಾಗವಾನಿ ಚೌಕಟ್ಟು, ಬಸವಣ್ಣ, ಈಬತ್ತಿ, ಭಾಷಣ ಹಾಗೇ ಉಳಿದವು. ಮೂರು ಗಡಿಗೆಯಲ್ಲಿ ತಳದ ತೂತು ಮುಚ್ಚಿದ ಮೇಲಿನದಕ್ಕೆ ಮಾತ್ರ ಕೆಲಸ; ಉಳಿದೆರಡು ಶೋಭೆಗೆ.

ಇನ್ನು ಉಳಿದದ್ದು ಬಟ್ಟೆ. ಅಪ್ಪನ ಹಳೆಯ ಮಲ್ ಧೋತರ ಹರಿದು ಮಾಡಿದ ಚೌಕದ ತುಂಡು. ಚಿಗವ್ವ ಬಾವಿಯಿಂದ ಕೊಡ ಹೊತ್ತು ತಂದು ಸುರಿಯಬೇಕು, ನಾನು ಡಬ್ಬಿಯ ಮೇಲೆ ಹತ್ತಿ ನಿಂತು ಬಟ್ಟೆಯ ಅಂಚನ್ನು ಗಡಿಗೆಯ ಕಂಠಕ್ಕೆ ಬಿಗಿಯಾಗಿ ಹಿಡಿಯಬೇಕು. ಬೆಳಿಗ್ಗೆ ಆರು ಕೊಡ. ಈ ಚಿಗವ್ವನ ಬಗ್ಗೆ ನಾನು ನಿಜ ಹೇಳಬೇಕು. ಅವಳನ್ನು ಕಂಡರೆ ನನಗೆ ತಾತ್ಸಾರ. ಹೆಸರು ಗಂಗವ್ವ, ಗೊರೇಬಾಳದವಳು, ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಓದು ಬಾರದು. ಮಾತು ನಿಧಾನ, ನಡಿಗೆ ನಿಧಾನ, ಏನು ಕೇಳಿದರೂ ಮೊದಲು ನೆಲ ನೋಡಿ ಆಮೇಲೆ ಉತ್ತರ. ನಾನು ಆಗ ಎರಡನೇ ಇಯತ್ತೆ. ಮಗ್ಗಿ ಬರುತ್ತಿತ್ತು, ಅಂಗಡಿಯ ಡಬ್ಬಿಗಳ ಮೇಲಿನ ಅಕ್ಷರ ಓದಲು ಬರುತ್ತಿತ್ತು. ಅಪ್ಪ ಅವಳನ್ನು ‘ಗೊರೇಬಾಳದ ಗೊಂಬಿ’ ಎನ್ನುತ್ತಿದ್ದ. ನಾನೂ ಬೆನ್ನ ಹಿಂದೆ ಅದನ್ನೇ ಅನ್ನುತ್ತಿದ್ದೆ. ಅವಳ ಗಂಡ, ನಮ್ಮ ಕಾಕಾ, ಕೇಳಿಯೂ ಕೇಳದವನಂತೆ ಬೆಲ್ಲ ತೂಗುತ್ತಿದ್ದ. ಆ ಮನುಷ್ಯ ತನ್ನ ಆಯುಷ್ಯದಲ್ಲಿ ಮಾಡಿದ್ದು ಎರಡೇ ಕೆಲಸ, ಬೆಲ್ಲ ತೂಗುವುದು ಮತ್ತು ಅಣ್ಣನ ಮಾತಿಗೆ ಹೂಂ ಅನ್ನುವುದು. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿಯಾದವಳು ಭಾವನ ಎದುರು ಬಾಯಿ ಬಿಡುವಂತಿರಲಿಲ್ಲ. ಅವನು ಪಡಸಾಲೆಗೆ ಬಂದರೆ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ಸರಿಯಬೇಕು. ಏನಾದರೂ ಹೇಳಬೇಕಿದ್ದರೆ ನನ್ನ ಮೂಲಕವೋ ಅವ್ವನ ಮೂಲಕವೋ ಹೇಳಿಸಬೇಕು. ಎರಡು ವರ್ಷದಲ್ಲಿ ಅಪ್ಪ ಅವಳ ದನಿಯನ್ನು ನೇರವಾಗಿ ಕೇಳಿದ್ದಿಲ್ಲ.

ನಾನು ಮಾಡಿದ ಶೋಧ ಹೀಗೆ ನಡೆಯಿತು. ಮುಂದಿನ ಬ್ಯಾಸಿಗೆ ಬಲಿತು ಬಾವಿಯ ನೀರು ತಳಕ್ಕಿಳಿದಾಗ ಕೊಡದಲ್ಲಿ ರಾಡಿ ಬರುತ್ತಿತ್ತು. ಮೂರನೇ ಕೊಡಕ್ಕೆ ಬಟ್ಟೆಯ ಮೇಲೆ ಹಸಿರು ಪಾಚಿ, ಕೆಸರು, ಏನೇನೋ ಕಸ ಕೂತು ನೀರು ಇಳಿಯದೆ ಕೆರೆಯಂತೆ ನಿಲ್ಲುತ್ತಿತ್ತು. ನನಗೆ ಶಾಲೆಗೆ ಹೊತ್ತಾಗುತ್ತಿತ್ತು. ಚಿಗವ್ವ ಹಿತ್ತಲಿಗೆ ಹೋಗಿ ಬಟ್ಟೆ ಜಾಲಾಡಿಸಿ ತರುತ್ತೇನೆ ಎಂದು ಎದ್ದಾಗ ಆಯಿ ಹೊರಸಿನಿಂದಲೇ ಗದರಿದಳು.

“ದಿನಾ ನೀರಾಗ ಇರೋ ಬಟ್ಟಿ, ಅದನ್ನ ಮತ್ತ್ಯಾಕ ತೊಳೀತಿ? ನೀರೇನು ನಿನ್ನ ತವರಿಂದ ಹರದು ಬರಾಕತ್ತೈತೇನು?”

ಅವಳು ನಿಂತಲ್ಲೇ ನಿಂತಳು. ನಾನು ಬಟ್ಟೆಯನ್ನು ಎಳೆದು ಮಗುಚಿ ಹಾಕಿದೆ. ಕೆಳಗಿನ ಮಗ್ಗುಲು ಮೇಲೆ, ಮೇಲಿನ ಮಗ್ಗುಲು ಕೆಳಗೆ. ನೀರು ಸರ್ರನೆ ಇಳಿಯಿತು! ನಾನು ಕುಣಿದೆ. ಅಂಗಡಿಯಿಂದ ಅಪ್ಪ ಬಂದು ನೋಡಿದ, ಮತ್ತೊಮ್ಮೆ ಮಾಡಿಸಿ ನೋಡಿದ, ನನ್ನ ತಲೆಯ ಮೇಲೆ ಕೈ ಇಟ್ಟ.

“ನೋಡಿರೇನು ನನ್ನ ಮಗಳ ಅಕಲು! ಇನ್ನ ಮ್ಯಾಲ ಕೊಡಕ್ಕೊಮ್ಮೆ ಮಗ್ಗಲಾ ಬದಲು ಮಾಡ್ರಿ. ಬಟ್ಟಿನೂ ಎರಡೂ ಕಡಿ ಸಮ ಸವೀತೈತಿ.”

ಆ ಕೈಯ ಭಾರ ನನ್ನ ನೆತ್ತಿಯಲ್ಲಿ ಇನ್ನೂ ಇದೆ. ಅದಕ್ಕಿಂತ ಮೊದಲು ಅವನು ನನ್ನನ್ನು ಮುಟ್ಟಿದ ನೆನಪು ನನಗಿಲ್ಲ. ಈಗ ನನ್ನ ಮನೆಯ ಗೋಡೆಗೆ ನೀರಿನ ಮಷೀನು ಇದೆ, ಫ್ರಿಜ್ಜಿನ ಬಾಗಿಲಲ್ಲೂ ಒಂದು ನಳ ಇದೆ. ಆರು ತಿಂಗಳಿಗೊಮ್ಮೆ ರಿಪೇರಿಯವನು ಬಂದು ಒಳಗಿನ ಕೊಳವೆಯಂಥ ಫಿಲ್ಟರನ್ನು ಬದಲಿಸುತ್ತಾನೆ. ಹೋದ ಸಲ ಬಂದಾಗ, ಅಜ್ಜೀ, ಇದರ ಮ್ಯಾಲಿನ ಬಾಣದ ಗುರುತು ನೋಡೇ ಹಾಕಬೇಕ್ರಿ, ಉಲ್ಟಾ ಹಾಕಿದ್ರ ಹಿಡದಿಟ್ಟ ಕಸ ಎಲ್ಲಾ ಗ್ಲಾಸಿಗೆ ಬರ್ತೈತಿ ಎಂದು ನನಗೆ ಪಾಠ ಹೇಳಿದ. ನಾನು ನಕ್ಕೆ. ಯಾಕೆ ನಕ್ಕೆನೆಂದು ಅವನಿಗೆ ತಿಳಿಯಲಿಲ್ಲ. ನಮ್ಮ ಮಸ್ಕಿಯ ಮನೆಯಲ್ಲಿ ಆ ಬಾಣದ ಗುರುತನ್ನು ಅರಿತವಳು ಒಬ್ಬಳೇ ಇದ್ದಳು, ಅಕ್ಷರ ಬಾರದವಳು.

ಮಗುಚುವ ಪದ್ಧತಿ ಶುರುವಾದ ಮಾರನೇ ದಿನವೇ ಚಿಗವ್ವ ಹಿತ್ತಲಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು.

“ನೀಲಾ, ಹಂಗ ಮಗುಚಬ್ಯಾಡ. ಮ್ಯಾಲ ಕುಂತ ಹೊಲಸು ಒಳಗ ಬೀಳ್ತೈತಿ. ನಮ್ಮೂರಾಗ ನಮ್ಮವ್ವ ಬಟ್ಟಿ ಮೂಲಿಗೆ ದಾರ ಹಾಕಿರ್ತಾಳ, ದಾರದ ಕಡಿ ಯಾವಾಗ್ಲೂ ಮ್ಯಾಲ. ಮುಗದ ಮ್ಯಾಲ ಬಿಸಲಿಗೆ ಹಾಕ್ತಾಳ. ನಿಮ್ಮಪ್ಪಗ ಹೇಳು.”

“ನಿಮ್ಮೂರಾಗ ಡಾಕ್ಟರ್ ಅದಾನೇನು?” ಎಂದೆ ನಾನು.

ಅವಳು ನೆಲ ನೋಡಿದಳು. ಆದರೆ ಸುಮ್ಮನಿರಲಿಲ್ಲ. ಎರಡು ದಿನದ ಮೇಲೆ ಬಟ್ಟೆಯ ಮೂಲೆಯಲ್ಲಿ ಕೆಂಪು ದಾರದ ಒಂದು ಗಂಟು ಬಂದಿತ್ತು, ಕುಬಸದ ಅಂಚಿನಿಂದ ಬಿಚ್ಚಿದ ದಾರ. ನಾನು ಅದನ್ನು ಹಿಡಿದುಕೊಂಡು ನೇರ ಅಂಗಡಿಗೆ ಓಡಿದೆ. ಯಾರೂ ನನಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ಕಟ್ಟೆಯ ಮೇಲೆ ನಾಲ್ಕು ಜನ ಗಿರಾಕಿಗಳಿದ್ದರು. ಅಪ್ಪ ಬಟ್ಟೆಯನ್ನು ಬೆಳಕಿಗೆ ಹಿಡಿದು, ಗೊರೇಬಾಳದಾಗ ಬಟ್ಟಿಗೂ ಕುಂಕುಮ ಹಚ್ಚಿ ಮುತ್ತೈದಿ ಮಾಡ್ತಾರ ನೋಡ್ರಿ ಎಂದ. ನಾಲ್ವರೂ ನಕ್ಕರು. ಕಾಕಾ ತಕ್ಕಡಿಯ ಹಿಂದೆ ನಿಂತು ಅವರಿಗಿಂತ ಜೋರಾಗಿ ನಕ್ಕ. ಅಪ್ಪ ನನ್ನ ಕಡೆ ನೋಡಿದ. ನಾನು ಆ ದಾರವನ್ನು ಹಲ್ಲಿನಿಂದ ಕಡಿದು ಉಗುಳಿದೆ. ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ಚಿಗವ್ವನ ಸೀರೆಯ ನಿರಿಗೆ ಕಾಣುತ್ತಿತ್ತು.

ಆ ಬ್ಯಾಸಿಗೆ ಪೂರ್ತಿ ನಾನು ಬಟ್ಟೆ ಮಗುಚಿದೆ. ಬಂದವರ ಮುಂದೆ ಅಪ್ಪ ನನ್ನಿಂದ ಅದನ್ನು ಮಾಡಿಸಿ ತೋರಿಸುತ್ತಿದ್ದ, ನೀಲಾ ಬಾ ಇಲ್ಲಿ, ಇವ್ರಿಗೆ ತೋರಿಸು. ನಾನು ಪರಾಕಿನ ನಂತರ ಕೋಲಾಟಕ್ಕೆ ನಿಂತವಳಂತೆ ಬಂದು, ಬಟ್ಟೆಯ ಎರಡು ತುದಿ ಹಿಡಿದು, ಪಟಕ್ಕನೆ ಮಗುಚುತ್ತಿದ್ದೆ. ನೀರು ಸರ್ರನೆ ಇಳಿದಾಗ ಬಂದವರು ತಲೆದೂಗಬೇಕು. ಸಾಲ ಕೇಳಲು ಬಂದವರಂತೂ ಅಯ್ಯಯ್ಯೋ ಎಂದು ಬೆರಗುಪಡುತ್ತಿದ್ದರು. ಆ ನೀರನ್ನು ಅವರಿಗೂ ಕುಡಿಸಿದೆವು, ನಾವೂ ಕುಡಿದೆವು.

ನಾರಿಗೆ ಒಂದು ವರ್ಷದ ತಾಳ್ಮೆ ಇರುತ್ತದೆ. ಈ ಬ್ಯಾಸಿಗೆ ಕುಡಿದದ್ದು ಬರುವ ಬ್ಯಾಸಿಗೆ ಕಾಲಿನಿಂದ ಹೊರಬರುತ್ತದೆ. ಮರುವರ್ಷ ದವನದ ಹುಣ್ಣಿಮೆ ಮುಗಿಯುವ ಹೊತ್ತಿಗೆ ಅಪ್ಪ ಕುಂಟತೊಡಗಿದ. ಮುಳ್ಳು ನೆಟ್ಟೈತಿ ಎಂದ. ಎಂಟು ದಿನ ಮುಳ್ಳು, ಹತ್ತು ದಿನ ಮುಳ್ಳು. ಅಂಗಡಿಗೆ ಬರುವವರಿಗೆಲ್ಲ ಅದೇ ಹೇಳಿದ, ಒಬ್ಬರಿಗೆ ಜಾಲಿ ಮುಳ್ಳು, ಇನ್ನೊಬ್ಬರಿಗೆ ಬಾರಿ ಮುಳ್ಳು. ಸೋಸಿದ ನೀರಿನ ಸಾಹುಕಾರನ ಕಾಲಲ್ಲಿ ನಾರು ಎಂದು ಊರಿಗೆ ತಿಳಿದರೆ ಏನು ಗತಿ! ಆಯಿ ಬಾಗಿಲು ಮುಚ್ಚಿಕೊಂಡು ಅವನ ಬಲಗಾಲಿಗೆ ಉಮ್ಮತ್ತಿ ಎಲೆ ಕಾಸಿ ಕಟ್ಟುತ್ತಿದ್ದಳು, ಹುಳದ ತುದಿಯನ್ನು ಕಡ್ಡಿಗೆ ಸುತ್ತುತ್ತಿದ್ದಳು, ಅಪ್ಪ ದೇವರ ಕೋಣೆಯಲ್ಲಿ ಬಾಯಿಗೆ ಟವೆಲ್ ತುರುಕಿಕೊಂಡು ನರಳುತ್ತಿದ್ದ. ಅದೇ ಹೊತ್ತಿಗೆ ಚಿಗವ್ವನಿಗೂ ನಾರು ಎದ್ದಿತು, ಮೊಣಕಾಲಿನ ಕೀಲಿನಲ್ಲಿ. ಅವಳಿಗೆ ಉಮ್ಮತ್ತಿ ಎಲೆಯೂ ಇಲ್ಲ, ಹೊರಸೂ ಇಲ್ಲ. ಕಡ್ಡಿಯನ್ನು ಕಾಲಿಗೆ ಕಟ್ಟಿಕೊಂಡೇ ಬಾವಿಯ ಮೆಟ್ಟಿಲು ಇಳಿದು ಹತ್ತುತ್ತಿದ್ದಳು. ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ಕಡ್ಡಿ ಸಿಕ್ಕಿಕೊಂಡು ಹುಳ ಹರಿಯಿತು. ಸಂಜೆಗೆ ಮೊಣಕಾಲು ಗಡಿಗೆಯಷ್ಟಾಯಿತು. ಅವ್ವ ಅತ್ತಳು. ಆಯಿ ಮಾತ್ರ ಒಂದೇ ಮಾತು ಹಿಡಿದಳು.

“ಬಾವಿಗೆ ಹೋದಾಗ ಬೊಗಸೀಲೆ ಕುಡದಾಳ. ಸೋಸಿದ ನೀರು ಆಕಿ ನಾಲಿಗಿಗೆ ರುಚಿಸ್ತದೇನು?”

ಹಾಗಾದರೆ ನಿನ್ನ ಮಗ ಯಾವ ಬಾವಿಗೆ ಹೋಗಿ ಬೊಗಸೆಯಲ್ಲಿ ಕುಡಿದ ಎಂದು ಕೇಳುವವರು ನಮ್ಮ ಮನೆಯಲ್ಲಿ ಇರಲಿಲ್ಲ.

ಅಪ್ಪನ ಜ್ವರ ಏರಿದಾಗ ಕಾಕಾ ಹೋಗಿ ಲಿಂಗಸೂಗೂರಿನಿಂದ ಆರೋಗ್ಯ ಖಾತೆಯ ಇನ್‌ಸ್ಪೆಕ್ಟರನ್ನು ಕರೆತಂದ. ಖಾಕಿ ಟೋಪಿಯ, ಸಣ್ಣ ಮೈಯ, ಬಾಯಿತುಂಬ ಎಲೆ ಅಡಿಕೆಯ ಮನುಷ್ಯ. ಮುಳ್ಳು ನೆಟ್ಟೈತ್ರಿ ಎಂದಳು ಆಯಿ. ಅವರು ಅಪ್ಪನನ್ನು ಪಡಸಾಲೆಯ ಬೆಳಕಿಗೆ ಕರೆಸಿ, ಧೋತರ ಸರಿಸಿ ಎರಡೂ ಕಾಲು ನೋಡಿದರು, ಹಳೆಯ ಗುರುತನ್ನೂ ಹೊಸ ಹುಣ್ಣನ್ನೂ.

“ಈ ಮುಳ್ಳಿಗೆ ಬಾಲ ಬಂದೈತಲ್ರೀ ಸಾಹುಕಾರ್ರ. ಯಾವ ನೀರು ಕುಡೀತೀರಿ?”

“ನಮ್ಮ ಮನ್ಯಾಗ ಸೋಸಿದ ನೀರ್ರೀ, ಸಾಹೇಬ್ರ. ಊರ ಮಂದಿನ್ನ ಕೇಳ್ರಿ. ನೀಲಾ, ತೋರಿಸು ಸಾಹೇಬ್ರಿಗೆ.”

ನಾನು ಹಿಗ್ಗಿನಿಂದ ಎದ್ದೆ. ಅವ್ವ ಒಂದು ಕೊಡ ಸುರಿದಳು, ನಾನು ಬಟ್ಟೆ ಹಿಡಿದೆ. ಇನ್ನೊಂದು ಕೊಡ ಬಂದಾಗ, ನೋಡುವವರಿಗೆ ಚೆಂದ ಕಾಣಲೆಂದು ಕೈ ಎತ್ತಿ ಪಟಕ್ಕನೆ ಮಗುಚಿದೆ. ಇನ್‌ಸ್ಪೆಕ್ಟರು ತಡಿ ಎಂದರು. ಅಂಗಡಿಯಲ್ಲಿದ್ದ ಒಂದೇ ಒಂದು ಗಾಜಿನ ಗ್ಲಾಸು ತರಿಸಿ, ಗಡಿಗೆಯಿಂದ ನೀರು ಮೊಗೆದು, ಬಾಗಿಲ ಬಿಸಿಲಿಗೆ ಹಿಡಿದರು. ನಮ್ಮೆಲ್ಲರನ್ನೂ ಹತ್ತಿರ ಕರೆದರು. ಸೋಸಿದ ನೀರಿನಲ್ಲಿ ಬಿಳಿ ಚುಕ್ಕೆಗಳು, ಸೂಜಿಯ ಮೊನೆಯಷ್ಟು ದೊಡ್ಡವು, ಮೇಲೆ ಕೆಳಗೆ ಜಿಗಿಯುತ್ತಿದ್ದವು. ಆಮೇಲೆ ಅವರೇ ತೋಳು ಮಡಚಿ ಬಟ್ಟೆಯನ್ನು ಮೂರು ನೀರಿನಲ್ಲಿ ಜಾಲಾಡಿಸಿದರು, ಬೇರೆ ಗಡಿಗೆಯ ಬಾಯಿಗೆ ಒಂದೇ ಮಗ್ಗುಲಿಗೆ ಕಟ್ಟಿ ಅದೇ ಬಾವಿ ನೀರನ್ನು ಸೋಸಿದರು, ಮತ್ತೆ ಗ್ಲಾಸು ತುಂಬಿ ಹಿಡಿದರು. ಏನೂ ಇಲ್ಲ. ಬರಿ ನೀರು, ಅದರಾಚೆ ಗುಡ್ಡ.

“ನಾರಿನ ಬೀಜ ಆ ಜಿಗಿಯೋ ಚುಕ್ಕಿ ಹುಳದ ಹೊಟ್ಟ್ಯಾಗ ಇರ್ತೈತಿ. ಬಟ್ಟಿ ಅದನ್ನ ಹಿಡೀತೈತಿ. ನೀವು ಹಿಡದಿದ್ದನ್ನ ಮಗುಚಿ ಗಡಿಗ್ಯಾಗ ಸುರದೀರಿ. ಊರ ಮಂದಿ ಒಂದೊಂದು ಕುಡದ್ರ, ನೀವು ಕೂಡಿಸಿಟ್ಟು ಕುಡದೀರಿ. ಇದು ಯಾರ ಅಕಲ್ರೀ?”

ಅಂಗಡಿಯ ಕಟ್ಟೆಯ ಮೇಲೆ ಗಿರಾಕಿಗಳು ಕತ್ತು ಚಾಚಿ ಕೂತಿದ್ದರು. ಅಪ್ಪ ಅವರ ಕಡೆ ನೋಡಿದ, ಚೌಕಟ್ಟಿನ ಕಡೆ ನೋಡಿದ, ಆಮೇಲೆ ಅಡಿಗೆಮನೆಯ ಬಾಗಿಲ ಕಡೆ ಕೈ ತೋರಿಸಿದ. ಅಲ್ಲಿ ಚಿಗವ್ವ ಬಾತ ಕಾಲನ್ನು ಹೊಸ್ತಿಲಿಗೆ ಆನಿಸಿ, ಸೆರಗು ಹೊದ್ದು ನಿಂತಿದ್ದಳು.

“ನನ್ನ ತಮ್ಮನ ಹೆಣ್ತಿ ರೀ. ಹಳ್ಳಿ ಹೆಣಮಗಳು. ಎಷ್ಟ ಹೇಳಿದ್ರೂ ಕೇಳಂಗಿಲ್ಲ, ಮಗುಚೇ ಮಗುಚ್ತಾಳ. ನೋಡ್ರಿ, ತನ್ನ ಕಾಲಿಗೂ ತಂದ್ಕೊಂಡಾಳ, ನನ್ನ ಕಾಲಿಗೂ ತಂದಾಳ.”

ಅವಳು ಭಾವನ ಎದುರು ಬಾಯಿ ಬಿಡುವಂತಿರಲಿಲ್ಲ. ಅವ್ವ ಗಂಡನ ಮಾತಿಗೆ ಎದುರಾಡುವಂತಿರಲಿಲ್ಲ. ಕಾಕಾ ಹೂಂ ಅಂದೇಬಿಟ್ಟಿದ್ದ. ಇನ್‌ಸ್ಪೆಕ್ಟರು ಯಾರನ್ನೂ ನಂಬದೆ ನನ್ನ ಕಡೆ ತಿರುಗಿದರು. ನಾನು ಮಗುಚಿದ್ದನ್ನು ಅವರೇ ಈಗ ತಾನೆ ಕಣ್ಣಾರೆ ಕಂಡಿದ್ದರು.

“ಹೌದೇನವ್ವಾ? ಆಕಿನೇ ಕಲಿಸ್ಯಾಳೇನು ನಿನಗ, ಹಿಂಗ ಮಗುಚಾಕ?”

ಆ ಮನೆಯಲ್ಲಿ ನಿಜ ಹೇಳಲು ಯಾವ ಅಡ್ಡಿಯೂ ಇಲ್ಲದವಳು ನಾನೊಬ್ಬಳೇ. ಅಪ್ಪ ನನ್ನನ್ನು ನೋಡುತ್ತಿದ್ದ. ಬೆದರಿಸುವ ನೋಟ ಆಗಿರಲಿಲ್ಲ ಅದು. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು, ಹೆದರಿ ಸುಳ್ಳು ಹೇಳಿದೆ ಎಂದು ನಾನು ಇಷ್ಟು ವರ್ಷ ಸಮಾಧಾನ ಮಾಡಿಕೊಳ್ಳಬಹುದಿತ್ತು. ಬೇಡುವ ನೋಟ ಅದು. ಅಷ್ಟು ದೊಡ್ಡ ಮನುಷ್ಯ ನನ್ನನ್ನು ಬೇಡುತ್ತಿದ್ದಾನೆ ಎಂದು ನನಗೆ ಮೈಯೆಲ್ಲ ಉಬ್ಬಿತು. ನಾನು ಹೌದೆಂದು ತಲೆಯಾಡಿಸಿದೆ. ಕೈಯಲ್ಲಿದ್ದ ಬಟ್ಟೆಯಿಂದ ನೀರು ನನ್ನ ಪಾದದ ಮೇಲೆ ಹನಿಯುತ್ತಿತ್ತು. ಇನ್‌ಸ್ಪೆಕ್ಟರು ಟೋಪಿ ಹಾಕಿಕೊಂಡು, ಬಟ್ಟೆಗೆ ಒಂದು ಗುರುತು ಮಾಡ್ಕೊಳ್ರಿ ಎಂದು ಹೇಳಿ ಹೋದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಯವರೂ ಅದನ್ನು ಬೇಗ ಮುಗಿಸಿದರು. ಮನೆಯ ನೀರು ಕೆಡಿಸಿದವಳು ಎಂದು ಆಯಿ ಓಣಿಯ ತುಂಬ ಹೇಳಿದಳು. ಕಾಲು ವಾಸಿಯಾಗುವವರೆಗೆ ತವರಲ್ಲಿರಲಿ ಎಂದು ನಾಲ್ಕನೇ ದಿನ ಬಂಡಿ ಹೂಡಿಸಿದರು. ಚಿಗವ್ವ ತನ್ನ ಟ್ರಂಕು ತಾನೇ ತುಂಬಿಕೊಂಡಳು. ಬಂಡಿ ಬರುವ ಮೊದಲು ಹಿತ್ತಲಲ್ಲಿ ಕೂತು ಸೋಸುವ ಬಟ್ಟೆಯನ್ನು ಒಗೆದು, ಬಿಸಿಲಿಗೆ ಒಣಗಿಸಿ, ಮಡಚಿ ಚೌಕಟ್ಟಿನ ಮೇಲಿಟ್ಟಳು. ಕಾಕಾ ಹಳ್ಳದವರೆಗೆ ಬಂಡಿಯ ಹಿಂದೆ ನಡೆದು, ಹಳ್ಳದಲ್ಲಿ ಕಾಲು ತೊಳೆದುಕೊಂಡು ವಾಪಸು ಬಂದು ಬೆಲ್ಲ ತೂಗಿದ. ಆ ಬಟ್ಟೆಯ ಮಡಿಕೆ ಬಿಚ್ಚಿದಾಗ ಮೂಲೆಯಲ್ಲಿ ಮತ್ತೆ ಕೆಂಪು ದಾರದ ಗಂಟಿತ್ತು.

ಅಪ್ಪ ಅದನ್ನು ಏನು ಮಾಡಿದನೆಂದು ಕೇಳಿ. ಕಾಲು ನೆಟ್ಟಗಾಗಿ ಅಂಗಡಿಗೆ ಬಂದ ಮೊದಲ ದಿನವೇ ಆ ಬಟ್ಟೆಯನ್ನು ಗಿರಾಕಿಗಳ ಮುಂದೆ ಹರವಿದ.

“ಈ ದಾರ ನೋಡ್ರಿ. ದಾರದ ಕಡಿ ಯಾವಾಗ್ಲೂ ಮ್ಯಾಲ ಇರ್ಬೇಕು. ಹಿಂಗೊಂದು ಗುರುತು ಇಡಬೇಕಂತ ನಾ ಎಷ್ಟೋ ದಿನದಿಂದ ವಿಚಾರ ಮಾಡಾಕತ್ತಿದ್ದೆ. ಮನ್ಯಾಗ ತಿಳವಳಿಕಿ ಇಲ್ಲದೋರು ಇದ್ರ ಏನ್ ಮಾಡೂದ್ರಿ?”

ಕಟ್ಟೆಯಲ್ಲಿದ್ದವರು ತಲೆದೂಗಿದರು. ಒಬ್ಬಿಬ್ಬರು ತಮ್ಮ ಮನೆಯಲ್ಲೂ ಹಾಗೆ ಮಾಡಿದರು. ಮೂರು ವರ್ಷದಲ್ಲಿ ನಮ್ಮ ಓಣಿಯಲ್ಲಿ ನಾರು ಕಮ್ಮಿಯಾಯಿತು, ಅದರ ಹೆಸರು ಅಪ್ಪನಿಗೆ ಬಂತು, ಈ ಸಲ ಜನ ನಗದೆ ಸಾಹುಕಾರ್ರು ಎಂದರು. ಚಿಗವ್ವನ ಮೊಣಕಾಲು ಮಡಚಲು ಬಾರದಂತಾಯಿತೆಂದು ಸುದ್ದಿ ಬಂತು. ಕಾಕಾನಿಗೆ ಇನ್ನೊಂದು ಹೆಣ್ಣು ತಂದರು. ಆ ಮದುವೆಯಲ್ಲಿ ನಾನು ಹೊಸ ಲಂಗ ಉಟ್ಟು ಬಂದವರಿಗೆಲ್ಲ ನೀರು ಕೊಟ್ಟೆ. ಆಗಿನಿಂದ ಅಪ್ಪನನ್ನು ಕಂಡರೆ ನನಗೆ ಹೇಸಿಕೆ ಶುರುವಾಯಿತು, ಅವನು ಉಣ್ಣುವುದು, ಬಾಯಿ ಮುಕ್ಕಳಿಸುವುದು, ಲಿಂಗಪೂಜೆಗೆ ಕೂತಾಗ ಕಣ್ಣು ಮುಚ್ಚುವುದು ಎಲ್ಲ. ಆ ಹೇಸಿಕೆಯನ್ನು ನಾನು ಬಹಳ ಜೋಪಾನವಾಗಿ ಬೆಳೆಸಿದೆ. ಅದರಿಂದ ನನಗೆ ಉಪಯೋಗವಿತ್ತು. ಅವನನ್ನು ನೋಡುತ್ತಿದ್ದಷ್ಟು ಹೊತ್ತು ನನ್ನನ್ನು ನೋಡಿಕೊಳ್ಳಬೇಕಿರಲಿಲ್ಲ.

ನಾನು ಹದಿನಾಲ್ಕು ದಾಟಿದ ಮೇಲೆ ನೆಂಟರ ಮನೆಯ ಮದುವೆಗೆಂದು ಅವ್ವನ ಜೊತೆ ಸಿಂಧನೂರಿಗೆ ಹೋಗಿದ್ದೆ. ಅಲ್ಲಿಂದ ಯಾರಿಗೂ ಹೇಳದೆ ಗೊರೇಬಾಳದ ಕಡೆ ಹೊರಟ ಒಂದು ಬಂಡಿ ಹತ್ತಿದೆ. ನಾಲೆ ಬರುತ್ತದೆ ಎಂದು ಎಲ್ಲೆಲ್ಲೂ ಮಣ್ಣು ಅಗೆದು ಗುಡ್ಡೆ ಹಾಕಿದ್ದರು. ಚಿಗವ್ವನ ಮನೆ ಕೇಳಿದರೆ, ನೀರು ಸೋಸೋ ಗಂಗವ್ವನ ಮನೀ ಏನು ಎಂದು ಒಬ್ಬಳು ತೋರಿಸಿದಳು. ಅದರಲ್ಲಿ ನಗೆ ಇರಲಿಲ್ಲ. ಚಿಗವ್ವ ಅಂಗಳದಲ್ಲಿ ಎತ್ತರದ ಕಲ್ಲಿನ ಮೇಲೆ ಕೂತಿದ್ದಳು, ಒಂದು ಕಾಲು ನೆಟ್ಟಗೆ ಮುಂದೆ ಚಾಚಿತ್ತು. ಮುಂದೆ ಗಡಿಗೆ, ಗಡಿಗೆಯ ಬಾಯಿಗೆ ಬಟ್ಟೆ, ಮೂಲೆಯಲ್ಲಿ ಕೆಂಪು ದಾರ. ನನ್ನನ್ನು ಗುರುತು ಹಿಡಿದಳು. ಕುಂದ್ರು ಎಂದಳು. ಅವ್ವ ಹೇಗಿದ್ದಾಳೆಂದು ಕೇಳಿದಳು, ಬೇರೆ ಯಾರನ್ನೂ ಕೇಳಲಿಲ್ಲ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಶುರು ಮಾಡಿದೆ. ಅಪ್ಪ ಎಂಥ ಮನುಷ್ಯ, ಆಯಿ ಎಂಥವಳು, ಕಾಕಾ ಎಂಥ ಹೇಡಿ, ಎಲ್ಲವನ್ನೂ ಹೇಳಿದೆ. ಅವಳು ಕೊಡ ಬಗ್ಗಿಸಿ ನಿಧಾನವಾಗಿ ನೀರು ಸುರಿಯುತ್ತಿದ್ದಳು. ಬಟ್ಟೆಯ ಮೇಲೆ ನೀರು ನಿಂತಾಗ ಅದು ತಾನಾಗಿ ಇಳಿಯುವವರೆಗೆ ಕಾಯುತ್ತಿದ್ದಳು. ಕೊನೆಗೆ ನನ್ನ ಮಾತು ಮುಗಿದು, ಹೇಳಬೇಕಾದ ಒಂದು ಮಾತು ಉಳಿಯಿತು.

“ಚಿಗವ್ವಾ, ಅವತ್ತು ಸಾಹೇಬ್ರು ಕೇಳಿದಾಗ... ನಾ ಆಗ ಸಣ್ಣಾಕಿ ಇದ್ದೆ.”

ಅವಳು ಈ ಸಲ ನೆಲ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದಳು.

“ಸಣ್ಣಾಕಿ ಇದ್ದಿ, ಖರೆ. ಮೂಕಿ ಇದ್ದಿಲ್ಲ.”

ಬಟ್ಟೆಯ ಮೇಲಿನ ನೀರು ಪೂರ್ತಿ ಇಳಿದಿತ್ತು. ಅವಳು ತಂಬಿಗೆ ತುಂಬಿ ನನ್ನ ಮುಂದಿಟ್ಟಳು, ಕುಡಿ ಎಂದಳು. ನಾನು ಕುಡಿದೆ.